ಮಣ್ಣಿಗೆ ಬಿಟ್ಟ ದಾರಿ

ಮೊದಲನೇ ಏಟು ಬಿದ್ದಾಗ ಅಕ್ಕುತಾಯಿ ಒಲಿ ಮ್ಯಾಲ ಚಾ ಇಟ್ಟಿದ್ಲು. ಏಟು ಬಿದ್ದದ್ದು ಆಕಿ ಬೆನ್ನ ಹಿಂದಿನ ಗ್ವಾಡಿಗೆ. ಸುಣ್ಣ ಉದುರಿತು, ಇಟ್ಟಂಗಿ ಚೂರು ಸಿಡದು ಬೋಗಾಣಿಯೊಳಗ ಬಿತ್ತು. ಚಾ ಹಾಳಾತು. ಆಕಿ ಅದನ್ನ ಚೆಲ್ಲಿ ಮತ್ತ ನೀರಿಟ್ಲು. ಎರಡನೇ ಏಟು ಬಿತ್ತು. ಅದೂ ಹಾಳಾತು.

ಒಡಿಯೋ ಮಶೀನ್ ಹಿಡದಾಂವ ಬಿಹಾರದಾಂವ. ಮಶೀನ್ ನಿಲ್ಲಿಸಿ ಆಕಿನ್ನ ನೋಡಿದ. "ಇಧರ್ ಕ್ಯಾ ಕರ್ ರಹೀ ಹೈ, ಅಮ್ಮಾ?" ಅಂದ, ಇಲ್ಲೇನ ಮಾಡತಿ ಅಂತ.

"ಇದು ನನ್ನ ಮನಿ ಐತಪಾ," ಅಂದ್ಲು ಅಕ್ಕುತಾಯಿ.

ಅಂವಗ ತಿಳೀಲಿಲ್ಲ. ತಿಳದಿದ್ರ ನಗತಿದ್ದ. ನೆಲದ ಕೆಳಗ ಹತ್ತು ಫೂಟಿನ ತಳಘರ, ಗಲ್ಲಿ ಕಡೆ ಒಂದ ಸಣ್ಣ ಕಿಡಕಿ, ಗ್ವಾಡಿ ಗ್ವಾಡಿಗೂ ತಂಬಾಕಿನ ಘಾಟು. ಇದನ್ನ ಯಾರರೆ ಮನಿ ಅಂತಾರೇನು? ಆದ್ರ ಮನಿ ಅದು. ಇಪ್ಪತ್ತಾರ ವರ್ಷದಿಂದ ಮನಿ.

ನಿಪ್ಪಾಣಿಯೊಳಗ ಧನಪಾಲ ಸಾವಕಾರನ ಅಪ್ಪನ ಕಾಲಕ್ಕ ತಂಬಾಕಿನ ವ್ಯಾಪಾರ ಜೋರಿತ್ತು. ಮನಿ ಕೆಳಗ ತಳಘರದ ತುಂಬ ಚೀಲಾ. ಕಾಯಾಕ ಮನಷ್ಯಾ ಬೇಕಾಗಿತ್ತು. ಆ ಘಾಟಿನ್ಯಾಗ ಒಂದ ದಿವಸ ಮಲಗಿದಾಂವ ಮರುದಿವಸ ಮಾರಿ ತೋರಸತಿರಲಿಲ್ಲ. ಆಗ ಭೀಮನಗರದ ನಾಮದೇವನ್ನ ಕರದ್ರು. ಅಂವಾ ಹೆಂಡತಿ ಅಕ್ಕುತಾಯಿನ್ನ ಕರಕೊಂಡು ಬಂದ. ಇಬ್ಬರೂ ಚೀಲದ ನಡುವ ಹಾಸಿಗಿ ಹಾಸಿದ್ರು. ನಾಮದೇವ ಹನ್ನೊಂದ ವರ್ಷ ಕಾಯ್ದ, ಕೆಮ್ಮಿ ಕೆಮ್ಮಿ ಸತ್ತ. ಅವನ ತಮ್ಮಂದಿರು ಭೀಮನಗರದ ಮನಿ ಹಂಚಕೊಂಡು ಅತ್ತಿಗಿಗೆ ಒಂದ ಮೂಲಿ ಸುದ್ದಾ ಬಿಡಲಿಲ್ಲ. ತಂಬಾಕಿನ ವ್ಯಾಪಾರ ಮುಳಗಿತು, ಚೀಲಾ ಹೋದವು. ಅಕ್ಕುತಾಯಿ ಉಳದ್ಲು. ಅಂಗಳಾ ಉಡಗಿದ್ಲು, ಸಂಡಾಸ ತೊಳದ್ಲು, ಎಮ್ಮಿ ಸೆಗಣಿ ಬಳದ್ಲು. ಮ್ಯಾಲಿನ ಮನಿ ಮಾತ್ರ ಒಳಗಿಂದ ಹೆಂಗೈತಿ ಅಂತ ಆಕಿಗೆ ಗೊತ್ತಿರಲಿಲ್ಲ.

ಈಗ ಧನಪಾಲನ ಮಗಾ ಶ್ರೇಣಿಕ ತಳಘರದಾಗ ಜಿಮ್ ಹಾಕಾಂವ. ಮಂದಿ ರೊಕ್ಕಾ ಕೊಟ್ಟ ಬಂದು ಭಾರ ಎತ್ತಿ ಇಳಸತಾರಂತ. ಎತ್ತಿದ ಭಾರ ಎಲ್ಲಿಗೂ ಒಯ್ಯೂದಿಲ್ಲಂತ, ಇದ್ದಲ್ಲೇ ಇಡತಾರಂತ. ಇದನ್ನ ಕೇಳಿ ಅಕ್ಕುತಾಯಿ ಬಾಯಿಗೆ ಸೆರಗ ಹಚ್ಚಿ ನಕ್ಕಿದ್ಲು.

"ನೀ ಎಲ್ಲೂ ಹೋಗಬ್ಯಾಡ, ಅಕ್ಕುತಾಯಿ," ಅಂದಿದ್ದ ಧನಪಾಲ. "ಕೆಲಸ ನಡೀತಿರಲಿ. ಆ ಮೂಲಿಂದ ಈ ಮೂಲಿಗೆ ಸರದ ಕೂಡು. ಮುಗದ ಮ್ಯಾಲ ಪಾವಟಿಗಿ ಬಾಜೂಕ ನಿನಗೊಂದು ಖೋಲಿ ಕಟ್ಟಿಸಿ ಕೊಡತೀನಿ. ಟೈಲ್ಸ್ ಹಾಕಸತೀನಿ."

"ಖರೇನ್ರಿ ಸಾವಕಾರ್ರ?"

"ನಾ ಯಾವಾಗರೆ ನಿನಗ ಸುಳ್ಳ ಹೇಳೀನೇನು?"

ಹೇಳಿದ್ದ. ಭಾಳ ಸಲ ಹೇಳಿದ್ದ. ಆದ್ರ ಐವತ್ತೆಂಟ ವರ್ಷದ ಹೆಂಗಸಿಗೆ, ತನ್ನದು ಅನ್ನೂ ಜಾಗಾ ಇಲ್ಲದಾಕಿಗೆ, ನಂಬೂದು ಬಿಟ್ಟರ ಬ್ಯಾರೆ ಏನಿತ್ತು? ನಂಬಿದ್ಲು. ಕೆಲಸಾನೂ ಕೊಟ್ಟ ಪುಣ್ಯಾತ್ಮ. ತನ್ನ ಮನಿ ನೆಲಾ ತಾನ ಹೊತ್ತ ಹೊರಗ ಹಾಕೂ ಕೆಲಸ.

ತಳಘರಕ್ಕ ಎರಡ ದಾರಿ ಇದ್ದವು. ಗಲ್ಲಿಯಿಂದ ಇಳಿಯೋ ಕಲ್ಲಿನ ಪಾವಟಿಗಿ ಒಂದು. ಅದು ಅಕ್ಕುತಾಯಿದು. ಮನಿ ಒಳಗ, ಅಡಗಿಮನಿ ಬಾಜೂದಿಂದ ಇಳಿಯೋದು ಇನ್ನೊಂದು. ಅದಕ್ಕ ಬಾಗಲಾ ಇತ್ತು, ಬಾಗಲಕ್ಕ ಮ್ಯಾಲಿನ ಕಡೆ ಚಿಲಕಾ ಇತ್ತು. ಮೊದಲನೇ ವಾರದಾಗ ಗಲ್ಲಿ ಕಡಿ ಪಾವಟಿಗಿ ಒಡದ ಹಾಕಿದ್ರು, ಜಿಮ್ಮಿಗೆ ಗಾಜಿನ ಬಾಗಲಾ ಕೂಡಸಾಕ. ಅಲ್ಲೆ ಸೆಂಟ್ರಿಂಗ್ ಹೊಡದ್ರು. ಇನ್ನ ಮಣ್ಣೆಲ್ಲಾ ಮನಿ ಒಳಗಿನ ಪಾವಟಿಗಿ ಹತ್ತಬೇಕು, ಪಡಸಾಲಿ ದಾಟಬೇಕು, ಮುಂದಿನ ಬಾಗಲದಾಗ ನಿಂತ ಟ್ರಾಲಿಗೆ ಬೀಳಬೇಕು.

ಧನಪಾಲನ ತಾಯಿ ಲಕ್ಷ್ಮಿಬಾಯಿ ಮ್ಯಾಲಿನ ಬಾಗಲದಾಗ ಖುರ್ಚಿ ಹಾಕ್ಕೊಂಡ ಕುಂತ್ಲು. ಪಾವಟಿಗಿ ಹದಿಮೂರು.

"ಅಕ್ಕುತಾಯಿ, ಹನ್ನೆರಡನೇದಕ್ಕ ನಿಂದ್ರ," ಅಂದ್ಲು. "ಮ್ಯಾಲಿಂದು ಅಡಗಿಮನಿಗೆ ಹತ್ತೈತಿ. ಬುಟ್ಟಿ ವಿಶ್ವಾಸನ ಕೈಯಾಗ ಕೊಡು. ಅಂವಾ ಒಯ್ತಾನ."

ವಿಶ್ವಾಸ ಅಲಖನೂರಿನಾಂವ, ಮ್ಯಾಲಿನ ಓಣಿಯಾಂವ. ಅಂವಾ ಹದಿಮೂರನೇ ಪಾವಟಿಗಿ ಮ್ಯಾಲ ನಿಂತ. ಬುಟ್ಟಿ ಇಸಕೊಂಡ, ಹೋದ, ಬಂದ. ಬಿಹಾರದವರ ಜಾತಿ ಯಾರೂ ಕೇಳಲಿಲ್ಲ. ಕಾಲಾಗ ಬೂಟ ಹಾಕ್ಕೊಂಡ ಅವರು ಅಡಗಿಮನಿ ಮುಂದ ಹಾದು ಹೋದ್ರು, ಬಂದ್ರು, ನೀರ ಕೇಳಿ ಕುಡದ್ರು. ಧನಪಾಲನ ಹೆಂಡತಿ ತ್ರಿಶಲಾ ಅವರಿಗೆ ಸ್ಟೀಲ ಲೋಟದಾಗ ಕೊಟ್ಲು.

"ನಾವೇನ್ ಹಂಗೆಲ್ಲಾ ನೋಡೂದಿಲ್ಲಬೇ, ಅಕ್ಕುತಾಯಿ," ಅಂದ್ಲು ತ್ರಿಶಲಾ. "ಅತ್ತಿಯವರು ಹಳೇ ಕಾಲದವರು. ಅವರ ಸಲುವಾಗಿ."

ಎಂಥಾ ಚೊಲೋ ಮಾತು! ಇಂಥಾ ಸೊಸಿ ಇದ್ದರ ಅತ್ತಿಗೆ ಬಾಯಿ ತಗಿಯೂ ಜರೂರೇ ಇಲ್ಲ.

ಅಕ್ಕುತಾಯಿ ಹೊರಗ ಹೋಗೂದ ಹೆಂಗ? ಅದಕ್ಕೂ ಸಾವಕಾರ ವ್ಯವಸ್ಥಾ ಮಾಡಿದ್ದ. ಸಣ್ಣ ಕಿಡಕಿ ಕಿತ್ತು ದೊಡ್ಡ ತೂತ ಮಾಡಿಸಿದ, ಅದಕ್ಕೊಂದ ಕಬ್ಬಿಣದ ನಿಚ್ಚಣಿಕಿ ಆನಿಸಿದ. ಅದನ್ನ ಹತ್ತಿ, ತೂತಿನ್ಯಾಗ ಮೈ ತೂರಿಸಿ, ಗಲ್ಲಿಯೊಳಗ ಮಣಕಾಲಿನ ಮ್ಯಾಲ ಬೀಳಬೇಕು. ಸೀರಿ ಕಚ್ಚಿ ಕಟ್ಟಿ ದಿನಕ್ಕ ಆರ ಸಲ ಹತ್ತಿದ್ಲು. ಮಣಕಾಲ ಎರಡೂ ಸುಲದವು. ಮಣ್ಣು ಮನಿ ಒಳಗಿಂದ ಹೋತು. ಆಕಿ ತೂತಿನಿಂದ ಹೋದ್ಲು.

ಮ್ಯಾಲ ಇದ್ದವರಿಗೆ ಭಾಳ ತ್ರಾಸ ಆತು, ಪಾಪ. ಟೀವಿ ಕೇಳಸೂದಿಲ್ಲ, ಫ್ರಿಜ್ಜಿನ ಮ್ಯಾಲ ಧೂಳು. ಲಕ್ಷ್ಮಿಬಾಯಿಗೆ ಬೀಪಿ, ತ್ರಿಶಲಾಗ ತಲಿಶೂಲಿ. ನಾಕ ದಿವಸ ಮುಗಳಖೋಡಕ್ಕ ಬೀಗರ ಮನಿಗೆ ಹೋಗಿ ಉಳದ ಬಂದ್ರು. "ಹೆಂಗ ಇರಬೇಕ್ರಿ ಈ ಮನ್ಯಾಗ? ಉಸರಾಡಾಕ ಆಗವಲ್ದು," ಅಂತ ತ್ರಿಶಲಾ ಫೋನಿನ್ಯಾಗ ಯಾರ ಮುಂದೋ ಅಳೂದು ಕೆಳಗಿನತನಾ ಕೇಳಸತಿತ್ತು.

ಕೆಳಗ ಅಕ್ಕುತಾಯಿ ರೊಟ್ಟಿ ಬಡದ್ರ ರೊಟ್ಟಿಯೊಳಗ ಸಿಮೆಂಟು. ಹಲ್ಲಿನ ಸಂದ್ಯಾಗ ಕರಕರ. ಕೊಡಾ ಮುಚ್ಚಿಟ್ರೂ ತಳದಾಗ ಕೆಸರು. ಕೆಮ್ಮಿದ್ರ ಕಫದಾಗ ಬಿಳೇ ಪುಡಿ. ಹಾಸಿಗಿ ನಾಕೂ ಮೂಲಿ ತಿರಗಿತು. ಬಾಬಾಸಾಹೇಬರ ಫೋಟೋಕ್ಕ ನಾಕ ಸಲ ಮೊಳಿ ಹೊಡದ್ಲು, ನಾಕ ಸಲ ಕಿತ್ಲು, ಕಡೀಕ ಸೀರಿಯೊಳಗ ಸುತ್ತಿ ಟ್ರಂಕಿನ್ಯಾಗ ಇಟ್ಲು. ಮುಂಜಾನೆ ಎಂಟಕ್ಕ ಬುಟ್ಟಿ ತಲಿ ಮ್ಯಾಲ. ಹನ್ನೆರಡ ಪಾವಟಿಗಿ ಹತ್ತು, ನಿಂದ್ರ, ಕೈ ಎತ್ತಿ ಕೊಡು, ಇಳಿ. ಬಗ್ಗು, ತುಂಬು, ಎತ್ತು, ಹತ್ತು, ನಿಂದ್ರ. ಕುತಿಗಿ ಒಳಗ ಹೂತ ಹೋದಂಗ ಆತು. ಆದ್ರೂ ಪಾವಟಿಗಿ ಬಾಜೂದ ಜಾಗಾ ನೋಡಿ, ಇಲ್ಲೆ ಒಲಿ, ಇಲ್ಲೆ ಹಾಸಿಗಿ, ಅಂತ ಲೆಕ್ಕಾ ಹಾಕತಿದ್ಲು. ಮಗಳು ಸಾರಿಕಾ ಇಚಲಕರಂಜಿಯಿಂದ ಫೋನ ಮಾಡಿ, "ಆಯಿ, ಇಲ್ಲಿ ಬಾ, ಅಲ್ಯಾಕ ಸಾಯತಿ," ಅಂದಾಗ, "ಟೈಲ್ಸ್ ಖೋಲಿ ಕೊಡತಾರಬೇ, ನೀನ ಬಾ ನನ್ನ ಮನಿಗೆ," ಅಂದಿದ್ಲು.

ಒಂದ ಮಧ್ಯಾಹ್ನ ನಿಚ್ಚಣಿಕಿ ಇರಲಿಲ್ಲ. ಮ್ಯಾಲ ಪೇಂಟರಗ ಬೇಕಾತು, ಒಯ್ದಿದ್ದ. ಕೆಳಗೊಬ್ಬಾಕಿ ಇದ್ದಾಳ ಅಂತ ಯಾರಿಗೂ ನೆನಪ ಆಗಲಿಲ್ಲ. ಬಿಹಾರದವರೂ ವಿಶ್ವಾಸನೂ ಊಟಕ್ಕ ಹೋಗಿದ್ರು, ಬಾಗಲಕ್ಕ ಚಿಲಕಾ ಬಿದ್ದಿತ್ತು. ಅಕ್ಕುತಾಯಿಗೆ ಸಕ್ಕರಿ ಬ್ಯಾನಿ. ಬಂದದ್ದನ್ನ ತಡಿಯಾಕ ಆಗತಿರಲಿಲ್ಲ. ಪಾವಟಿಗಿ ಹತ್ತಿ ಬಾಗಲಾ ಬಡದ್ಲು.

"ಯಾರದು?" ಲಕ್ಷ್ಮಿಬಾಯಿ ದನಿ.

"ನಾನ್ರಿ ಅವ್ವಾರ, ಅಕ್ಕುತಾಯಿ. ನಿಚ್ಚಣಿಕಿ ಇಲ್ರಿ. ಸಂಡಾಸಕ್ಕ ಹೋಗಬೇಕ್ರಿ. ಬಾಗಲಾ ತಗೀರಿ."

"ಎಲ್ಲಾರೂ ಊಟಕ್ಕ ಕುಂತಾರ. ಥೋಡೆ ತಡಿ."

"ತಡಿಯಾಕ ಆಗವಲ್ದ್ರಿ."

"ಊಟದ ಹೊತ್ತಿನ್ಯಾಗ ಅದರ ಮಾತ್ಯಾಕ? ತಡಿ ಅಂದ್ರ ತಡಿ."

ಒಳಗ ತಾಟಿನ ಸಪ್ಪಳ. ಯಾರೋ ಹಪ್ಪಳಾ ಮುರದ್ರು. ಮಾವಿನಹಣ್ಣ ಹಾಕ್ರಿ ಅಂದ್ರು. ಅಕ್ಕುತಾಯಿ ತೊಡಿ ಜೋಡಿಸಿ ನಿಂತ್ಲು. ಬಾಗಲಕ್ಕ ಹಣಿ ಹಚ್ಚಿ ನಿಂತ್ಲು. ಮತ್ತ ಬಡದ್ಲು, ಯಾರೂ ಓ ಅನ್ನಲಿಲ್ಲ. ಕೆಳಗ ಇಳದ್ಲು. ಮೂಲಿತನಾ ಹೋಗಾಕ ಆಗಲಿಲ್ಲ. ನಿಂತಲ್ಲೇ ಹೋತು. ಬೆಚ್ಚಗ ಕಾಲಗುಂಟ ಇಳದು ಸೀರಿ ತೊಯಿಸಿ ಮಣ್ಣಿಗೆ ಹೋತು. ಮೂರ ಮಕ್ಕಳನ್ನ ಹಡದಾಕಿ, ಗಂಡನ ಹೆಣಾ ತೊಳದಾಕಿ, ನಾಚಿಕಿಂದ ಮಾರಿ ಮುಚ್ಚಕೊಂಡ ಅತ್ಲು. ನೋಡಾವರು ಯಾರೂ ಇರಲಿಲ್ಲ. ಆದ್ರೂ ಮುಚ್ಚಕೊಂಡ್ಲು.

ವಿಶ್ವಾಸ ಬಂದು ಚಿಲಕಾ ತಗದಾಗ ಆಕಿ ಆ ಹಸಿ ಮಣ್ಣು ಸಲಿಕೀಲೆ ಬಳದು ಬುಟ್ಟಿ ತುಂಬಿ ಇಟ್ಟಿದ್ಲು. ಹೊತ್ಲು, ಹನ್ನೆರಡನೇ ಪಾವಟಿಗಿತನಾ ಹತ್ತಿದ್ಲು, ಕೊಟ್ಲು. ಆ ಮಣ್ಣು ಅಡಗಿಮನಿ ಮುಂದ ಹಾದು, ಪಡಸಾಲಿ ದಾಟಿ ಹೋತು. ಆಕಿಗೆ ಮಾತ್ರ ಅಪ್ಪಣಿ ಇರಲಿಲ್ಲ.

ಒಡಿಯೋದು ಮುಗೀತು. ಬಿಹಾರದವರು ಚಿಕ್ಕೋಡಿಗೆ ಬ್ಯಾರೆ ಕೆಲಸಕ್ಕ ಹೋದ್ರು. ನೆಲಕ್ಕ ಕಾಂಕ್ರೀಟ್ ಹಾಕೂ ದಿನಾ ಬಂತು. ಮೂರ ಗಂಟೆಕ್ಕ ಮಿಕ್ಸರ್ ಗಾಡಿ ಬರೂದಿತ್ತು. ಅಷ್ಟರಾಗ ಉಳದ ಮಣ್ಣು ಹೊರಗ ಹೋಗಬೇಕು. ಅವತ್ತ ವಿಶ್ವಾಸ ಬರಲಿಲ್ಲ. ಭೋಜದಾಗ ಅವನ ಸ್ವಾದರತ್ತಿ ಮಗಳ ಲಗ್ನಾ.

ಅಕ್ಕುತಾಯಿ ಮೊದಲನೇ ಬುಟ್ಟಿ ಹೊತ್ತ ಹನ್ನೆರಡನೇ ಪಾವಟಿಗಿ ಮ್ಯಾಲ ನಿಂತ್ಲು. ಇಸಕೊಳ್ಳಾಕ ಯಾರೂ ಇಲ್ಲ. ಶ್ರೇಣಿಕ ಇದ್ದ. ತೋಳು ಎಷ್ಟ ದಪ್ಪ ಆಗ್ಯಾವು ಅಂತ ಕನ್ನಡಿಯೊಳಗ ನೋಡಕೊಳ್ಳೂ ಮನಷ್ಯಾ. "ಪಪ್ಪಾ, ನನ್ನ ಬೆನ್ನ ಹಿಡದೈತಿ," ಅಂದು ಮೊಬೈಲ್ ತೊಗೊಂಡ ಮ್ಯಾಲ ಹೋದ.

ಧನಪಾಲ ಗಡಿಯಾರ ನೋಡಿದ, ತಾಯಿ ಮಾರಿ ನೋಡಿದ. ಇಬ್ಬರೂ ಪಿಸಪಿಸ ಮಾತಾಡಿದ್ರು. ಅಡಗಿಮನಿ ಬಾಗಲಾ ಎಳದು ಮುಚ್ಚಿದ್ರು. ಪಾವಟಿಗಿಯಿಂದ ಮುಂದಿನ ಬಾಗಲತನಾ ನೀಲಿ ತಾಡಪತ್ರಿ ಹಾಸಿದ್ರು.

"ಇವತ್ತೊಂದ ದಿವಸ ಇಲ್ಲಿಂದ ಬಾ, ಅಕ್ಕುತಾಯಿ," ಅಂದ ಧನಪಾಲ. "ತಾಡಪತ್ರಿ ಬಿಟ್ಟ ಕಾಲ ಇಡಬ್ಯಾಡ. ಮತ್ತ ಕೇಳು. ಮಣ್ಣ ಹೊತ್ತಾಗ ಅಷ್ಟ ಇಲ್ಲಿಂದ. ಖಾಲಿ ಹೊಳ್ಳಿ ಬರೂವಾಗ ಗಲ್ಲಿ ಸುತ್ತ ಹಾಕಿ ನಿಚ್ಚಣಿಕಿ ಇಳದ ಹೋಗು."

ಅಕ್ಕುತಾಯಿಗೆ ಒಂದ ಗಳಿಗಿ ತಿಳೀಲಿಲ್ಲ. "ಖಾಲಿ ಇದ್ದಾಗ ಇಲ್ಲಿಂದ ಬರಬಾರದ್ರ್ಯಾ?"

"ಹೊತ್ತಾಗ ನೀ ಕೆಲಸದಾಕಿ. ಖಾಲಿ ಬಂದ್ರ ಮನಿಯೊಳಗ ಬಂದಂಗ ಆತಲ್ಲ," ಅಂದ್ಲು ಲಕ್ಷ್ಮಿಬಾಯಿ. ಭಾಳ ಸಮಾಧಾನದಿಂದ ಅಂದ್ಲು, ಸಣ್ಣ ಮಕ್ಕಳಿಗೆ ತಿಳಿಸಿ ಹೇಳಿದಂಗ.

ಇಪ್ಪತ್ತಾರ ವರ್ಷದ ಮ್ಯಾಲ ಅಕ್ಕುತಾಯಿ ಹದಿಮೂರನೇ ಪಾವಟಿಗಿ ಹತ್ತಿದ್ಲು. ತಲಿ ಮ್ಯಾಲ ಬುಟ್ಟಿ, ಕುತಿಗಿ ನೆಟ್ಟಗ, ಆಜೂಬಾಜೂ ನೋಡಾಕ ಬರೂದಿಲ್ಲ. ಕಣ್ಣಷ್ಟ ಹೊರಳಿಸಿ ನೋಡಿದ್ಲು. ಬಿಳೇ ಟೈಲ್ಸ್. ಜೋಕಾಲಿ. ತನ್ನ ಒಲಿ ಇದ್ದ ಜಾಗಾದ ಸರೀ ಮ್ಯಾಲ ಒಂದ ಸೋಫಾ. ಸುರುವಿದ್ಲು, ಗಲ್ಲಿ ಸುತ್ತ ಹಾಕಿದ್ಲು, ಮಣಕಾಲ ಊರಿ ತೂತಿನ್ಯಾಗ ಇಳದ್ಲು. ಮತ್ತ ತುಂಬಿದ್ಲು. ಹತ್ತ ಬುಟ್ಟಿ ಹಂಗ ಹೋದವು. ಹೋಗೂವಾಗ ಮನಿ, ಬರೂವಾಗ ತೂತು.

ಹನ್ನೊಂದನೇ ಬುಟ್ಟಿ ಹೊತ್ತ ಬಂದಾಗ ಕಾಂಟ್ರಾಕ್ಟರ್ ಬಾಹುಬಲಿ ಪಡಸಾಲ್ಯಾಗ ನಿಂತು ತ್ರಿಶಲಾಗ ನಕಾಶಿ ತೋರಸಾಕತ್ತಿದ್ದ. "ಇದು ಕನ್ನಡಿ ಗ್ವಾಡಿ ನೋಡ್ರಿ ವಹಿನಿ. ಇಲ್ಲಿ ಓಡೂ ಮಶೀನು. ಇದು ಶಾವರ್. ಪಾವಟಿಗಿ ಬಾಜೂದ್ದು ಬ್ಯಾಟರಿ ಖೋಲಿ, ಇನ್ವರ್ಟರಿಗೆ."

ಅಕ್ಕುತಾಯಿ ನಿಂತ್ಲು. "ಪಾವಟಿಗಿ ಬಾಜೂದ್ದು ನನ್ನ ಖೋಲಿ ಅಲ್ಲೇನ್ರಿ?"

ಬಾಹುಬಲಿ ನಕಾಶಿ ನೋಡಿದ, ಧನಪಾಲನ ಮಾರಿ ನೋಡಿದ. "ಇದರಾಗ ಹಂಗೇನ ಇಲ್ಲಲ್ಲ, ಮಾವಶಿ."

"ನಡಿ ನಡಿ, ಮಣ್ಣ ಉದರತೈತಿ," ಅಂದ ಧನಪಾಲ. "ಖೋಲಿದು ಆಮ್ಯಾಲ ನೋಡೂಣು. ಜಿಮ್ಮಿಗೆ ಬರೂ ಮಂದಿ ನಡುವ ನೀ ಇರಾಕ ಹೆಂಗ ಆಗತೈತಿ? ನಿನಗೂ ತಿಳೀಬೇಕಲ್ಲ."

ಅಕ್ಕುತಾಯಿ ತಾಡಪತ್ರಿಗುಂಟ ನಡದ್ಲು. ಹೊರಗ ಹೋಗಿ ಟ್ರಾಲಿಗೆ ಮಣ್ಣ ಸುರುವಿದ್ಲು. ಬುಟ್ಟೀನೂ ಟ್ರಾಲಿಯೊಳಗ ಒಗದ್ಲು. ತಲಿ ಮ್ಯಾಲಿನ ಸಿಂಬಿ ಬಿಚ್ಚಿ ಝಾಡಿಸಿ ಹೆಗಲಿಗೆ ಹಾಕ್ಕೊಂಡ್ಲು. ಗಲ್ಲಿ ಕಡೆ ಹೊಳ್ಳಲಿಲ್ಲ. ಮುಂದಿನ ಬಾಗಲದಾಗ ಹೊಕ್ಲು. ತಾಡಪತ್ರಿ ಮ್ಯಾಲ ಕಾಲಿಡಲಿಲ್ಲ, ಬಿಳೇ ಟೈಲ್ಸ್ ಮ್ಯಾಲ ಇಟ್ಲು.

"ಏ! ಖಾಲಿ ಕೈಲೆ ಎಲ್ಲಿ ಹೊಂಟಿ?" ಧನಪಾಲ ಚೀರಿದ.

"ಮನಿಗೆ."

"ಹಿಂದಿಂದ ಹೋಗಂತ ಹೇಳಿಲ್ಲೇನ?"

"ಹೇಳೀರಿ. ನಾ ಹೋಗೂದಿಲ್ಲ."

ಲಕ್ಷ್ಮಿಬಾಯಿ ಖುರ್ಚಿಯಿಂದ ಎದ್ಲು. "ತಲಿ ಕೆಟ್ಟೈತೇನ ಇಕೀದು? ಹೊರಗ ಹಾಕೋ ಧನಪಾಲ! ಮನಿಯೆಲ್ಲಾ ತೊಳೀಬೇಕಾತು ಇನ್ನ."

"ತೊಳೀರಿ ಅವ್ವಾರ," ಅಂದ್ಲು ಅಕ್ಕುತಾಯಿ. "ಅವತ್ತ ಬಾಗಲಾ ಬಡದ್ನಿ, ನೀವು ತಗೀಲಿಲ್ಲ. ಕೆಳಗ ನಿಂತ ಉಚ್ಚಿ ಹೊಯ್ಕೊಂಡ್ನಿ. ಆ ಮಣ್ಣು ಇದ ಪಡಸಾಲ್ಯಾಗ ಹೋಗೈತಿ. ಅದನ್ನೂ ತೊಳೀರಿ."

ತ್ರಿಶಲಾ ಬಾಯಿಗೆ ಸೆರಗ ಹಚ್ಚಿದ್ಲು. ಲಕ್ಷ್ಮಿಬಾಯಿ ಮಾರಿ ಬಿಳಚಿತು.

"ಇಪ್ಪತ್ತಾರ ವರ್ಷ ಜಾಗಾ ಕೊಟ್ಟ ಸಾಕಿದ್ದಕ್ಕ ಇದೇನ ನಿನ್ನ ನಿಯತ್ತು?" ಧನಪಾಲ ಮುಂದ ಬಂದ.

"ಸಾಕಿದ್ರ್ಯಾ? ಇಪ್ಪತ್ತಾರ ವರ್ಷ ನಿಮ್ಮ ಮನಿ ನನ್ನ ತಲಿ ಮ್ಯಾಲ ಐತಿ. ಭಾರ ಆತು ಅಂತ ನಾ ಯಾವಾಗರೆ ಅಂದೀನೇನು?"

"ಪೊಲೀಸ್ರಿಗೆ ಫೋನ ಮಾಡತೀನಿ," ಅಂದ ಧನಪಾಲ.

"ಮಾಡ್ರಿ. ಓಟಿನ ಚೀಟಿಯೊಳಗ ನಿಮ್ಮ ಮನಿ ನಂಬರೂ ನನ್ನ ಮನಿ ನಂಬರೂ ಒಂದ ಐತಿ. ಬಂದವರಿಗೆ ಓದಿ ತೋರಸ್ರಿ."

ಆಕಿ ಅಡಗಿಮನಿ ಮುಂದ ಹಾದು, ಹದಿಮೂರೂ ಪಾವಟಿಗಿ ಇಳದು ಕೆಳಗ ಹೋದ್ಲು. ಪಾವಟಿಗಿ ಬಾಜೂಕ ಸುಣ್ಣದ ಗೆರಿ ಹೊಡದ ಚೌಕ ಇತ್ತು. ಅದರ ನಡುವ ಕುಂತ್ಲು. ಟ್ರಂಕ್ ಎಳದು ಬಾಜೂಕ ಇಟ್ಕೊಂಡ್ಲು.

ಮೂರಕ್ಕ ಮಿಕ್ಸರ್ ಗಾಡಿ ಬಂತು. ಗಲ್ಲಿಯೆಲ್ಲಾ ಗಡಗಡ. ಗಲ್ಲಿ ಕಡಿ ತೂತಿನಿಂದ ಕಾಂಕ್ರೀಟ್ ಇಳಿಯೋ ತಗಡು ಇಳಿಬಿಟ್ರು. ಅದರ ಬಾಯಿ ಅಕ್ಕುತಾಯಿ ಕಡೇನ ಇತ್ತು.

ಬಾಹುಬಲಿ ಓಡಿ ಬಂದ. "ಏಳ ಮಾವಶಿ. ಕಾಂಕ್ರೀಟ್ ಹಂಗ ನಿಂದ್ರೂದಿಲ್ಲ, ಡ್ರಮ್ಮಿನ್ಯಾಗ ಕಲ್ಲಾಗತೈತಿ."

"ಆಗಲಿ."

"ನಿನ್ನ ಮ್ಯಾಲ ಸುರುವಾಕ ಬರೂದಿಲ್ಲಲ್ಲ!"

"ಯಾಕ ಬರೂದಿಲ್ಲ? ಸುರುವ್ರಿ. ಮ್ಯಾಲ ಟೈಲ್ಸ್ ಹಾಕ್ರಿ. ಸಾವಕಾರ್ರು ಟೈಲ್ಸ್ ಹಾಕಸತೀನಿ ಅಂದಿದ್ರು."

ಧನಪಾಲ ಇಳದ ಬಂದ. ಅಂವಾ ಬಂದ್ರ ಅಕ್ಕುತಾಯಿ ಎದ್ದ ನಿಂದರತಿದ್ಲು. ಇವತ್ತ ಏಳಲಿಲ್ಲ. ಮೊದಲ ಬೈದ. ಆಮ್ಯಾಲ ಸಣ್ಣ ದನಿಲೆ, "ನಾಮದೇವ ಇದ್ದಿದ್ರ ಹಿಂಗ ಮಾಡತಿದ್ದೇನು?" ಅಂದ.

"ಅವನ ಹೆಸರ ತಗೀಬ್ಯಾಡ್ರಿ. ಅಂವಾ ನಿಮ್ಮ ಚೀಲಾ ಕಾಯ್ದ ಸತ್ತ."

"ಆತು. ಆಮ್ಯಾಲ ಕಟ್ಟಿಸಿ ಕೊಡತೀನಿ. ಈಗ ಏಳು."

"ಆಮ್ಯಾಲ ಇಲ್ಲ. ಇಟ್ಟಂಗಿ ಅಲ್ಲೆ ಬಿದ್ದಾವು. ಮೊದಲ ನನ್ನ ಗ್ವಾಡಿದು ಒಂದ ಸಾಲ ಏಳಲಿ. ಆಮ್ಯಾಲ ಕಾಂಕ್ರೀಟ್."

ಮ್ಯಾಲಿಂದ ಗಾಡಿಯಾಂವ, ಮಾಲ ಗಟ್ಟಿ ಆಗಾಕತ್ತೈತಿ ಅಂತ ಮರಾಠಿಯೊಳಗ ಒದರಿದ, "ಮಾಲಕ, ಲವಕರ! ಮಾಲ ಘಟ್ಟ ಹೋತೋಯ!" ಡ್ರಮ್ಮಿನ ಸಪ್ಪಳ ದಪ್ಪ ಆಗಾಕತ್ತಿತ್ತು. ಧನಪಾಲ ಹಲ್ಲ ಕಡದ. ಗಾಡಿ ವಾಪಸ್ ಹೋದ್ರ ಮುಂದಿನ ಹದಿನೈದ ದಿವಸ ಗಾಡಿ ಇಲ್ಲ, ಜಿಮ್ಮಿನ ಉದ್ಘಾಟನೆಗೆ ಕಾರ್ಡು ಹಂಚಿ ಮುಗದಿದ್ದವು. ಬಾಹುಬಲಿ ಕಡೆ ನೋಡಿ, "ಕಟ್ಟು," ಅಂದ. ಒಂದ ಶಬ್ದ, ಅದೂ ನೆಲಾ ನೋಡಿ.

ಬಾಹುಬಲಿ ಟೇಪ್ ತಗದ. ಹೊಡದಿದ್ದ ಗೆರಿ ಬ್ಯಾಟರಿ ಅಳತಿದು, ಸಣ್ಣದು. "ಎಷ್ಟ ಬೇಕ ಮಾವಶಿ?" ಅಂದ.

ಅಕ್ಕುತಾಯಿ ಹಸಿ ನೆಲದ ಮ್ಯಾಲ ಅಂಗಾತ ಮಲಗಿದ್ಲು. "ನನ್ನ ಅಳತಿ ಹಿಡಿ," ಅಂದ್ಲು.

ಅಂವಾ ನೆತ್ತಿಯಿಂದ ಹಿಮ್ಮಡತನಾ ಟೇಪ್ ಹಿಡದು ಗೆರಿ ಹೊಡಿಯಾಕ ಬಗ್ಗಿದ.

"ಅಲ್ಲಪಾ, ಅದು ಹೆಣದ ಅಳತಿ. ನಾ ಇನ್ನೂ ಇದ್ದೀನಿ."

ಎರಡೂ ಕೈ ಚಾಚಿದ್ಲು. ಮಣಕಾಲ ಸುಲದ ಕಾಲ ಅಗಲ ಮಾಡಿದ್ಲು. ಬೆರಳು ಬಿಡಿಸಿದ್ಲು. ಆಕಿ ಬೆರಳು ಧನಪಾಲನ ಬೂಟಿಗೆ ಹತ್ತಿದವು. ಅಂವಾ ಒಂದ ಹೆಜ್ಜಿ ಹಿಂದ ಸರದ.

"ಇನ್ನೂ ಸರೀರಿ ಸಾವಕಾರ್ರ," ಅಂದ್ಲು ಅಕ್ಕುತಾಯಿ. "ಒಲಿ ಜಾಗಾ ಉಳದೈತಿ."